ಕೆಂಪು ಕೋಣೆಯೊಳಗೆ ಏಟು ತಿನ್ನೋರು ಯಾರು?

ಟೀವಿ ಜನರನ್ನ ಕೆಡಿಸ್ತು, ಮೊಬೈಲು ಹುಡುಗರನ್ನ ಹಾಳು ಮಾಡ್ತು ಅಂತ ಬೊಬ್ಬೆ ಹೊಡೆಯುವವರ ಬಗ್ಗೆ ನಮಗೆ ಮೊದಲಿಂದಲೂ ಗುಮಾನಿ. ಇವರು ಪೆಟ್ಟಿಗೆಯನ್ನು ಬೈಯುತ್ತಾರೆ, ಪೆಟ್ಟಿಗೆಯ ಒಡೆಯನ ಹೆಸರು ಎತ್ತುವುದಿಲ್ಲ. ನೋಡುವ ಜನರನ್ನು ಹಳಿಯುತ್ತಾರೆ, ತೋರಿಸುವವನಿಗೆ ಸಿಕ್ಕಿದ್ದೆಷ್ಟು ಅಂತ ಕೇಳುವುದಿಲ್ಲ. ಇಂಥವರು ಸಾಕ್ಷಿಗೆ ಎಳೆದು ತರುವ ಸಿನಿಮಾಗಳಲ್ಲಿ ಒಂದು, ಕೆನಡಾದ ಡೇವಿಡ್ ಕ್ರೋನೆನ್‌ಬರ್ಗ್ 1983ರಲ್ಲಿ ತೆಗೆದ ‘ವಿಡಿಯೋಡ್ರೋಮ್’. ಥಿಯೇಟರಿನಲ್ಲಿ ಅದಕ್ಕೆ ಹಾಕಿದ ದುಡ್ಡೂ ಹುಟ್ಟಲಿಲ್ಲ. ಆಮೇಲೆ ಅದಕ್ಕೆ ಭಕ್ತರ ಒಂದು ಪಂಗಡವೇ ಬೆಳೆಯಿತು. ಹೊಟ್ಟೆ ಬಿರಿದು ಅದರೊಳಗೆ ಕ್ಯಾಸೆಟ್ ನುಂಗುವ ಮನುಷ್ಯ, ಉಸಿರಾಡುವ ಟೀವಿ ಪೆಟ್ಟಿಗೆ, ಮಾಂಸವಾಗಿ ಕೈಗೆ ಅಂಟಿಕೊಳ್ಳುವ ಪಿಸ್ತೂಲು: ರಿಕ್ ಬೇಕರ್ ಕೈಚಳಕದ ಈ ಚಿತ್ರಗಳನ್ನು ಭಕ್ತರು ಕೊಂಡಾಡುತ್ತಾರೆ. ಪಂಡಿತರು ವಾಸ್ತವ ಯಾವುದು, ಭ್ರಮೆ ಯಾವುದು ಅಂತ ವೇದಾಂತಕ್ಕೆ ಕೂರುತ್ತಾರೆ. ವೇದಾಂತ ಅವರಿಗಿರಲಿ. ನಮ್ಮ ಪ್ರಶ್ನೆ ಬೇರೆ.

ಮೊದಲು ಕಥೆ. ಟೊರಾಂಟೋ ನಗರದಲ್ಲಿ ಮ್ಯಾಕ್ಸ್ ರೆನ್ ಅನ್ನುವವನು ಒಂದು ಸಣ್ಣ ಟೀವಿ ಚಾನಲ್ ನಡೆಸುತ್ತಾನೆ. ಕಾಮ ಮತ್ತು ಹಿಂಸೆ ಅವನ ಸರಕು. ಒಂದು ದಿನ ಅವನ ತಂತ್ರಜ್ಞ ಹಾರ್ಲನ್, ಎಲ್ಲಿಂದಲೋ ಬರುತ್ತಿರುವ ಕಳ್ಳ ಸಿಗ್ನಲ್ ಹಿಡಿದು ತೋರಿಸುತ್ತಾನೆ. ಕೆಂಪು ಮಣ್ಣುಗೋಡೆಯ ಕೋಣೆ. ಮನುಷ್ಯರನ್ನು ಕಟ್ಟಿ ಬಡಿಯುತ್ತಾರೆ, ಕೊಲ್ಲುತ್ತಾರೆ. ಕಥೆ ಇಲ್ಲ, ಮಾತಿಲ್ಲ, ಏಟು ಮಾತ್ರ. ಮ್ಯಾಕ್ಸನಿಗೆ ಹೇಸಿಗೆ ಆಗುವುದಿಲ್ಲ. ಖರ್ಚು ಕಡಿಮೆ, ಗಿರಾಕಿ ಜಾಸ್ತಿ ಅಂತ ಬಾಯಲ್ಲಿ ನೀರೂರುತ್ತದೆ. ಸಿಗ್ನಲ್ ಮಲೇಷ್ಯಾದ್ದು ಅಂತ ಮೊದಲು ಹೇಳುತ್ತಾರೆ, ಅವನೂ ನಂಬುತ್ತಾನೆ. ಕೊನೆಗೆ ಗೊತ್ತಾಗುವುದೇನು? ಅದು ಅಮೆರಿಕಾದ ಪಿಟ್ಸ್‌ಬರ್ಗಿನದು. ಕ್ರೌರ್ಯ ಅಂದ ಕೂಡಲೇ ಅದು ಕರಿಯರ, ಕಂದುಬಣ್ಣದವರ ನಾಡಿನದೇ ಇರಬೇಕು ಎಂಬ ಬಿಳಿಯರ ಖಾತ್ರಿಗೆ ಕ್ರೋನೆನ್‌ಬರ್ಗ್ ಕೊಟ್ಟ ಪೆಟ್ಟು ಇದು. ಆ ಪೆಟ್ಟನ್ನು ನಾವು ಮೆಚ್ಚುತ್ತೇವೆ.

ಆ ಸಿಗ್ನಲ್ ನೋಡಿದವರ ಮಿದುಳಿನಲ್ಲಿ ಗೆಡ್ಡೆ ಬೆಳೆಯುತ್ತದೆ. ಕಣ್ಣೆದುರಿನದು ನಿಜವೋ ಸುಳ್ಳೋ ತಿಳಿಯದಾಗುತ್ತದೆ. ಇದನ್ನೆಲ್ಲ ನಡೆಸುತ್ತಿರುವುದು ಒಂದು ಕಂಪನಿ. ಅದರ ಕಸುಬು ಕೇಳಿ: ಬಡ ದೇಶಗಳಿಗೆ ಅಗ್ಗದ ಕನ್ನಡಕ, ನೇಟೋ ಸೈನ್ಯಕ್ಕೆ ಕ್ಷಿಪಣಿಯ ಗುರಿ ಹಿಡಿಯುವ ಯಂತ್ರ. ಬಡವನ ಕಣ್ಣಿಗೆ ಗಾಜು ಕೊಡುವ ಕೈಯೇ ಬಡವನ ಮೇಲೆ ಗುರಿ ಇಡುತ್ತದೆ. ಸಿನಿಮಾದಲ್ಲಿ ಇದು ಅರೆಗಳಿಗೆಯ ಮಾತು. ಹೊಟ್ಟೆ ಬಿರಿಯುವುದನ್ನು ಹತ್ತು ಸಲ ನೋಡುವ ಭಕ್ತರಿಗೆ ಇದು ಕೇಳಿಸಿದ ಹಾಗೆ ಕಾಣುವುದಿಲ್ಲ.

ಆ ಕಂಪನಿಯ ಉದ್ದೇಶವಾದರೂ ಏನು? ದುಡ್ಡು ಅಂದುಕೊಂಡರೆ ಅರ್ಧ ಸತ್ಯ. ಹಾರ್ಲನ್ ಕೊನೆಗೆ ಬಾಯಿ ಬಿಡುತ್ತಾನೆ. ಅವನೂ ಅವರ ಕಡೆಯವನೇ. ದೇಶ ಮೆತ್ತಗಾಗಿದೆ, ಹೊರಗಿನವರು ಗಟ್ಟಿಯಾಗುತ್ತಿದ್ದಾರೆ, ನಾವು ಉಳಿಯಬೇಕಾದರೆ ಶುದ್ಧರಾಗಬೇಕು ಅನ್ನುತ್ತಾನೆ. ಹೊಲಸು ನೋಡುವವರನ್ನು ಆ ಹೊಲಸಿನಿಂದಲೇ ಕೊಂದು ಸಮಾಜ ತೊಳೆಯುವ ಯೋಜನೆ ಅದು. ಗೆಳೆಯರೇ, ಈ ‘ಶುದ್ಧ’ ಅನ್ನುವ ಪದ ನಮಗೆ ಹೊಸದಾ? ಮಡಿಯ ಹೆಸರಲ್ಲಿ ಬಾವಿ ಮುಚ್ಚಿದವರು, ಗುಡಿ ಬಾಗಿಲು ಹಾಕಿದವರು, ಕೇರಿಗೆ ಬೆಂಕಿ ಇಟ್ಟವರು ಆಡಿದ್ದೂ ಇದೇ ಪದ. ಮೈಲಿಗೆ ತೊಳೆಯಲು ಹೊರಟವನ ಕೈಯಲ್ಲಿ ಯಾವಾಗಲೂ ದೊಣ್ಣೆ ಇರುತ್ತದೆ. ಟೀವಿಯಿಂದ ಜನ ಕೆಟ್ಟರು ಅಂತ ಗೋಳಾಡುವ ಸಭ್ಯರು ಈ ಸಿನಿಮಾದಲ್ಲಿ ತಮ್ಮ ಮುಖ ನೋಡಿಕೊಳ್ಳಬೇಕಾದರೆ ಹಾರ್ಲನ್‌ನ ಮುಖ ನೋಡಲಿ.

ಇನ್ನೊಬ್ಬ ಪ್ರೊಫೆಸರ್ ಇದ್ದಾನೆ, ಬ್ರಯನ್ ಒಬ್ಲಿವಿಯನ್. ಟೀವಿಯೊಳಗೆ ಬಿಟ್ಟರೆ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ. ಅಸಲಿಗೆ ಅವನು ಸತ್ತಿದ್ದಾನೆ, ಕ್ಯಾಸೆಟ್ಟುಗಳು ಮಾತಾಡುತ್ತಿವೆ. ಟೊರಾಂಟೋದಲ್ಲೇ ಪಾಠ ಹೇಳಿ 1980ರಲ್ಲಿ ತೀರಿಕೊಂಡ ಮಾರ್ಷಲ್ ಮೆಕ್ಲುಹಾನ್‌ನ ನೆರಳು ಈ ಪಾತ್ರದ ಮೇಲಿದೆ. ಮಾಧ್ಯಮವೇ ಸಂದೇಶ ಅಂದ ವಿದ್ವಾಂಸ ಅವನು. ಮಾತು ಚೆಂದ. ಆದರೆ ಮಾಧ್ಯಮವೇ ಸಂದೇಶ ಅಂದುಬಿಟ್ಟರೆ ಮಾಧ್ಯಮದ ಯಜಮಾನ ಎಲ್ಲಿ ಹೋದ? ತಮಟೆಯೇ ಡಂಗುರ ಅಂದಂತಾಯ್ತು. ತಮಟೆ ಬಡಿಯುವವನಿಗೆ ಅಪ್ಪಣೆ ಕೊಟ್ಟ ಗೌಡ ಜಗಲಿ ಮೇಲೆ ಆರಾಮಾಗಿ ಎಲೆ ಅಡಿಕೆ ಹಾಕ್ತಾ ಕೂತಿರ್ತಾನೆ.

ಪ್ರೊಫೆಸರನ ಮಗಳು ಬಿಯಾಂಕಾ ಒಂದು ಧರ್ಮಛತ್ರ ನಡೆಸುತ್ತಾಳೆ. ಬೀದಿಯಲ್ಲಿ ಬಿದ್ದ ನಿರ್ಗತಿಕರು ಅಲ್ಲಿಗೆ ಬರುತ್ತಾರೆ. ಒಬ್ಬೊಬ್ಬರನ್ನು ಒಂದೊಂದು ಗೂಡಿನಲ್ಲಿ ಕೂರಿಸಿ ಟೀವಿ ತೋರಿಸುತ್ತಾರೆ. ಅವರು ಸಮಾಜಕ್ಕೆ ಮತ್ತೆ ಹೊಂದಿಕೊಳ್ಳಲಿ ಅಂತ! ಮನೆ ಇಲ್ಲದವನಿಗೆ ಮನೆಯ ಚಿತ್ರ. ಇದು ಬರೀ ಕಲ್ಪನೆ ಅಂತ ನಗಬೇಡಿ. 1975ರ ಆಗಸ್ಟಿನಿಂದ ಒಂದು ವರ್ಷ, ತುರ್ತುಪರಿಸ್ಥಿತಿಯ ಕತ್ತಲಲ್ಲಿ, ಅಮೆರಿಕಾದ ನಾಸಾ ಕೊಟ್ಟ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ಬಂತು. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೂ ಬಂತು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇತ್ತು. ಅದರಲ್ಲಿ ಒಳ್ಳೇದೂ ಇತ್ತು, ಇಲ್ಲ ಅನ್ನಲ್ಲ. ಆದರೆ ಆ ಪೆಟ್ಟಿಗೆಗೆ ಬಾಯಿ ಇತ್ತು, ಕಿವಿ ಇರಲಿಲ್ಲ. ಹೇಗೆ ಬಿತ್ತಬೇಕು ಅಂತ ಅದು ಹೇಳಬಲ್ಲದಾಗಿತ್ತು; ಬಿತ್ತೋಕೆ ನೆಲ ಎಲ್ಲೈತೆ ಸ್ವಾಮಿ ಅಂತ ಜೀತದಾಳು ಕೇಳಿದ್ದರೆ ಅದಕ್ಕೆ ಕೇಳಿಸುತ್ತಿರಲಿಲ್ಲ. ವರ್ಷ ಮುಗಿಯಿತು, ಉಪಗ್ರಹವನ್ನು ಕೊಟ್ಟವರೇ ವಾಪಸು ತಗೊಂಡರು.

ಇಷ್ಟೆಲ್ಲ ಕಂಡ ಕ್ರೋನೆನ್‌ಬರ್ಗ್ ಒಂದನ್ನು ಮಾತ್ರ ಕಾಣಲಿಲ್ಲ. ಇಲ್ಲೇ ಅವನೊಂದಿಗೆ ನಮ್ಮ ಜಗಳ. ಕೆಂಪು ಕೋಣೆಯಲ್ಲಿ ಏಟು ತಿನ್ನೋರು ಯಾರು? ಅವರಿಗೆ ಹೆಸರಿಲ್ಲ, ಊರಿಲ್ಲ, ಅಳುವ ತಾಯಿ ಇಲ್ಲ. ಹೆಸರಿರುವ ರೇಡಿಯೋ ಹೆಂಗಸು ನಿಕ್ಕಿ ಕೂಡ ಕೊನೆಗೆ ಮ್ಯಾಕ್ಸನ ಭ್ರಮೆಯ ಬಲೆಯಾಗಿ ಉಳಿಯುತ್ತಾಳೆ. ಸಿನಿಮಾದ ಕರುಣೆಯೆಲ್ಲ ನೋಡುವವನ ಮಿದುಳಿಗೆ ಮೀಸಲು. ವಾಸ್ತವವೋ ಭ್ರಮೆಯೋ ಎಂಬ ಗೊಂದಲ ಕುರ್ಚಿಯಲ್ಲಿ ಕೂತವನದು. ಕಂಬಕ್ಕೆ ಕಟ್ಟಿಸಿಕೊಂಡವನಿಗೆ ಆ ಗೊಂದಲ ಇರುವುದಿಲ್ಲ. ಬೆನ್ನು ಸುಳ್ಳು ಹೇಳುವುದಿಲ್ಲ.

2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಇದೇ ನಡೆಯಿತು. ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಹುಡುಗರನ್ನು ಗೋರಕ್ಷಕರು ಹಿಡಿದು, ಅರೆಬೆತ್ತಲೆ ಮಾಡಿ, ಕಾರಿಗೆ ಕಟ್ಟಿ ಬಡಿದರು. ಬಡಿಯುತ್ತಲೇ ವಿಡಿಯೋ ತೆಗೆದು ಊರಿಗೆಲ್ಲ ಹರಿಬಿಟ್ಟರು. ಮುಚ್ಚಿಡುವ ನಾಚಿಕೆಯೂ ಅವರಿಗಿರಲಿಲ್ಲ. ನೋಡಿದ ದಲಿತ ಹೆದರಲಿ ಅಂತಲೇ ಅದು. ಇಲ್ಲಿ ಮಲೇಷ್ಯಾ ಇಲ್ಲ, ಕಳ್ಳ ಸಿಗ್ನಲ್ ಇಲ್ಲ, ಹಾಡುಹಗಲು.

ಆದರೆ ಆ ವಿಡಿಯೋ ತೆಗೆದವರ ಲೆಕ್ಕ ತಪ್ಪಿತು. ನೋಡಿದವರು ಹೆದರಿ ಮೂಲೆ ಸೇರಲಿಲ್ಲ. ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆ ಸುರಿದರು. ಆಗಸ್ಟ್ 5ಕ್ಕೆ ಅಹಮದಾಬಾದಿನಿಂದ ಹೊರಟ ಜಾಥಾ 15ಕ್ಕೆ ಊನಾ ಮುಟ್ಟಿತು. ದನದ ಬಾಲ ನೀವೇ ಇಟ್ಕೊಳ್ಳಿ, ನಮಗೆ ಭೂಮಿ ಕೊಡಿ ಅಂತ ಕೂಗಿದರು. ಹೆದರಿಸಲು ಕಳಿಸಿದ ಚಿತ್ರ ದೂರಿನ ಸಾಕ್ಷಿಯಾಯಿತು, ಜಾಥಾಕ್ಕೆ ಕರೆಯಾಯಿತು.

ಸಿನಿಮಾದ ಕೊನೆಗೆ ಮ್ಯಾಕ್ಸನೂ ತಿರುಗಿ ಬೀಳುತ್ತಾನೆ. ಹೇಗೆ? ಕಂಪನಿ ಹಾಕಿದ ಕ್ಯಾಸೆಟ್ ಹೋಗಿ ಬಿಯಾಂಕಾ ಕಲಿಸಿದ ಮಂತ್ರ ಬರುತ್ತದೆ. ಹಳೇ ಯಜಮಾನ ಹೋದ, ಹೊಸ ಯಜಮಾನಿ ಬಂದಳು. ತುಕ್ಕು ಹಿಡಿದ ಹಡಗಿನಲ್ಲಿ ಒಬ್ಬನೇ ಕೂತು, ಹೊಸ ಮೈಗೆ ಜಯವಾಗಲಿ ಅಂತ ಟೀವಿ ತೋರಿಸಿದ ಹಾಗೆಯೇ ತಲೆಗೆ ಗುಂಡು ಹೊಡೆದುಕೊಳ್ಳುತ್ತಾನೆ. ಒಂಟಿ ಮನುಷ್ಯನ ಬಂಡಾಯ ಇಲ್ಲಿಗೇ ಬಂದು ನಿಲ್ಲುತ್ತದೆ. ಅವನ ಪಕ್ಕದಲ್ಲಿ ಒಬ್ಬ ಜೊತೆಗಾರ ಇಲ್ಲ, ಒಂದು ಸಂಘ ಇಲ್ಲ. ನಮಗೆ ಹೊಸ ಮೈ ಬೇಡ. ಈ ಮೈಗೇ ಏಟು ಬೀಳಬಾರದು, ಈ ಮೈಗೇ ಅನ್ನ ಬೇಕು, ನೆಲ ಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ನಮ್ಮ ಮಾತು ಇಷ್ಟೆ. ನಾಳೆ ನಿಮ್ಮ ಕೈಗೆ ಬಡಿಯುವ ವಿಡಿಯೋ ಬಂದೇ ಬರುತ್ತದೆ. ಕಣ್ಣು ಮುಚ್ಚಿಕೊಳ್ಳಬೇಡಿ. ಅಯ್ಯೋ ಅಂದು ಇನ್ನೊಬ್ಬರಿಗೆ ದಾಟಿಸಿ ಕೈ ತೊಳೆದುಕೊಳ್ಳಲೂ ಬೇಡಿ. ಇದನ್ನು ತೆಗೆದವನು ಯಾರು, ಹರಿಬಿಟ್ಟವನು ಯಾರು, ಇದರಿಂದ ಯಾರ ಗಲ್ಲೆ ತುಂಬಿತು ಅಂತ ಕೇಳಿ. ಏಟು ತಿಂದವನ ಹೆಸರೇನು, ಅವನ ಕೇಸು ದಾಖಲಾಯ್ತಾ, ಈಗ ಅವನ ಮನೆ ಹೊಸ್ತಿಲಲ್ಲಿ ಯಾರು ನಿಂತಿದ್ದಾರೆ ಅಂತ ಕೇಳಿ. ಯಾರೂ ನಿಂತಿಲ್ಲ ಅಂದರೆ ನೀವೇ ಹೋಗಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.