ಬರೀ ಮಾತಿಗೆ ಪಣ ಕಟ್ಟುವವರು

ಮೇ ತಿಂಗಳು ಕಾಲಿಟ್ಟರೆ ಸಾಕು, ಹುಮನಾಬಾದಿನ ಚಹಾದಂಗಡಿಗಳಲ್ಲೂ ಬಸವಕಲ್ಯಾಣದ ಲಾರಿ ಗ್ಯಾರೇಜುಗಳಲ್ಲೂ ಲೆಕ್ಕದ ಪಾಠ ಶುರುವಾಗುತ್ತದೆ. ಐಪಿಎಲ್‌ನ ಹತ್ತು ತಂಡಗಳಲ್ಲಿ ಯಾವ ನಾಲ್ಕು ಪ್ಲೇಆಫ್‌ಗೆ ಹೋಗುತ್ತವೆ? ಮೊದಲೆರಡು ಸ್ಥಾನ ಸಿಕ್ಕರೆ ಒಮ್ಮೆ ಸೋತರೂ ಇನ್ನೊಂದು ಅವಕಾಶ ಉಂಟು. ಮೂರನೆಯದೋ ನಾಲ್ಕನೆಯದೋ ಆದರೆ ಒಂದೇ ಸೋಲಿಗೆ ಗಂಟುಮೂಟೆ ಕಟ್ಟಬೇಕು. ಹಾಗಾದರೆ ನಮ್ಮವರು ಇವತ್ತು ಎಷ್ಟು ರನ್ನಿನಿಂದ ಗೆಲ್ಲಬೇಕು? 2024ರ ಮೇ 18ರಂದು ಬೆಂಗಳೂರು ತಂಡ ಚೆನ್ನೈ ಎದುರು 218 ರನ್ ಹೊಡೆದಿತ್ತು. ಬರೀ ಗೆದ್ದರೆ ಸಾಲದು, ಚೆನ್ನೈ 200 ದಾಟದಂತೆ ನೋಡಿಕೊಳ್ಳಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತ ನಪಾಸಾದ ಹುಡುಗ ಕೂಡ ಅಂಥ ರಾತ್ರಿ ನೆಟ್ ರನ್‌ರೇಟನ್ನು ಮೂರನೆಯ ದಶಾಂಶದವರೆಗೆ ಬಿಡಿಸಿ ಹೇಳಬಲ್ಲ. ಚೆನ್ನೈ 191ಕ್ಕೆ ನಿಂತಿತು.

ನವೆಂಬರ್ ಬಂದರೆ ಈ ಹರಟೆಗೆ ಇನ್ನೊಂದು ಹಂಗಾಮು. ಯಾರನ್ನು ಉಳಿಸಿಕೊಂಡರು, ಯಾರನ್ನು ಕೈಬಿಟ್ಟರು, ಯಾರನ್ನು ಕೊಟ್ಟು ಯಾರನ್ನು ತಂದರು. 2025ರಲ್ಲಿ ಸಂಜು ಸ್ಯಾಮ್ಸನ್ ರಾಜಸ್ಥಾನ ಬಿಟ್ಟು ಚೆನ್ನೈಗೆ ಹೋಗುತ್ತಾರಂತೆ, ಬದಲಿಗೆ ರವೀಂದ್ರ ಜಡೇಜಾರನ್ನೇ ಕೊಡುತ್ತಾರಂತೆ ಎಂಬ ಗಾಳಿಸುದ್ದಿ ತೇಲಿತು. ನಂಬದವರು ನಕ್ಕರು. ನವೆಂಬರ್ 15ರಂದು ಅದೇ ನಿಜವಾಯಿತು. ಜಡೇಜಾ ಜೊತೆಗೆ ಸ್ಯಾಮ್ ಕರನ್ ಕೂಡ ರಾಜಸ್ಥಾನಕ್ಕೆ ಹೋದರು. ಹಳಬರಿಗೆ ನೆನಪಿರಬಹುದು, ಇದೇ ಜಡೇಜಾ ರಾಜಸ್ಥಾನ ತಂಡದಲ್ಲಿದ್ದಾಗ ಬೇರೆ ತಂಡದೊಡನೆ ತಾವೇ ಮಾತುಕತೆಗೆ ಇಳಿದದ್ದಕ್ಕೆ 2010ರ ಐಪಿಎಲ್‌ನಿಂದ ಹೊರಗುಳಿಯಬೇಕಾಗಿ ಬಂದಿತ್ತು.

ಇದೆಲ್ಲ ಕೆಲಸಕ್ಕೆ ಬಾರದ ಮಾತು ಎಂದು ಹೇಳುವವರಿದ್ದಾರೆ. ನಿಜ, ಕೆಲಸಕ್ಕೆ ಬಾರದ ಮಾತೇ. ಆದರೆ ಅದರ ಬೆಲೆ ಇರುವುದೂ ಅಲ್ಲಿಯೇ. ಸಸ್ತಾಪುರ ಬಂಗ್ಲಾ ಕಡೆಯ ಮೆಕ್ಯಾನಿಕ್, ಲಾರಿಯ ಕ್ಲೀನರ್, ಕಾಲೇಜಿನ ಉಪನ್ಯಾಸಕ, ಸೊಪ್ಪು ಮಾರುವವನ ಮಗ, ಇವರೆಲ್ಲ ಒಂದೇ ಬೆಂಚಿನ ಮೇಲೆ ಕುಳಿತು ಸಮಾನರಾಗಿ ಜಗಳವಾಡುವ ಜಾಗ ನಮ್ಮ ಊರುಗಳಲ್ಲಿ ಇನ್ನೆಲ್ಲಿದೆ? ಮದುವೆಗೆ ಬೇರೆ ಬೇರೆ ಮಂಟಪ, ಸಾವಿಗೆ ಬೇರೆ ಬೇರೆ ಮಣ್ಣು, ಬಾಡಿಗೆ ಮನೆಗೂ ಬೇರೆ ಬೇರೆ ಓಣಿ. ಉಳಿದಿರುವುದು ಈ ಬೆಂಚು. ಅಲ್ಲಿ ಸೋತವನು ಚಹಾದ ದುಡ್ಡು ಕೊಟ್ಟು ಮನೆಗೆ ಹೋಗುತ್ತಾನೆ; ಮರುದಿನ ಮತ್ತೆ ಬರುತ್ತಾನೆ. ವಾದದಲ್ಲಿ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ಆದ್ದರಿಂದಲೇ ಎಲ್ಲರೂ ನಿರ್ಭಯವಾಗಿ ವಾದಿಸುತ್ತಾರೆ.

ನನ್ನ ತಕರಾರು ಈ ವಾದದ ಮೇಲಲ್ಲ. ಪಣವಿಲ್ಲದ ಈ ವಾದಕ್ಕೆ ಪಣ ತಂದಿಡುವವರ ಮೇಲೆ. ಅಂಥವರು ಎರಡು ಬಗೆ. ಒಬ್ಬ ದುಡ್ಡನ್ನು ಪಣವಿಡಿಸುತ್ತಾನೆ. ಇನ್ನೊಬ್ಬ ಮನುಷ್ಯನ ನಿಷ್ಠೆಯನ್ನು ಪಣವಿಡಿಸುತ್ತಾನೆ. ಮೊದಲನೆಯವನನ್ನು ಪೊಲೀಸರು ಆಗಾಗ ಹಿಡಿಯುತ್ತಾರೆ. ಎರಡನೆಯವನಿಗೆ ಹಾರ ಹಾಕುತ್ತಾರೆ. ಇಬ್ಬರೂ ಜೂಜುಕೋರರೇ.

ಮೊದಲು ದುಡ್ಡಿನ ಮಾತು. ಮಟ್ಕಾ ಚೀಟಿ ನಮ್ಮ ಸೀಮೆಗೆ ಹೊಸದಲ್ಲ. ಆದರೆ ಮಟ್ಕಾ ಆಡುವವನಿಗೆ ತಾನು ಜೂಜಾಡುತ್ತಿದ್ದೇನೆ ಎಂಬ ಅರಿವಿತ್ತು, ಒಂದಿಷ್ಟು ನಾಚಿಕೆಯೂ ಇತ್ತು. ಕ್ರಿಕೆಟ್ ಬಾಜಿ ಬರುವುದು ಜ್ಞಾನದ ವೇಷದಲ್ಲಿ. 'ನಿನಗೆ ಇಷ್ಟೆಲ್ಲ ಗೊತ್ತಲ್ಲ, ಅದರಿಂದ ನಾಲ್ಕು ಕಾಸು ಯಾಕೆ ಮಾಡಿಕೊಳ್ಳಬಾರದು?' ಹುಡುಗ ಸಿಕ್ಕಿಬೀಳುವುದು ಈ ಪ್ರಶ್ನೆಗೆ. ಮೊದಲು ಗೆದ್ದದ್ದನ್ನು ಎಲ್ಲರಿಗೂ ಹೇಳುತ್ತಾನೆ. ಆಮೇಲೆ ಸೋತದ್ದನ್ನು ಯಾರಿಗೂ ಹೇಳುವುದಿಲ್ಲ. ಬೈಕು ಒತ್ತೆ ಹೋಗುತ್ತದೆ, ತಾಯಿಯ ಕಿವಿಯೋಲೆ ಹೋಗುತ್ತದೆ. ಅವನ ಬಾಯಿಂದ ಬರುತ್ತಿದ್ದ ಹರಟೆಯೂ ನಿಲ್ಲುತ್ತದೆ, ಏಕೆಂದರೆ ಈಗ ಅವನಿಗೆ ಆಟ ಕಾಣುವುದಿಲ್ಲ, ದರ ಮಾತ್ರ ಕಾಣುತ್ತದೆ.

ಇದರಲ್ಲಿ ತಪ್ಪೆಲ್ಲ ಹುಡುಗರದೇ ಎಂದು ಹೇಳುವುದು ಅನ್ಯಾಯ. 2020ರ ಐಪಿಎಲ್‌ನ ಶೀರ್ಷಿಕೆ ಪ್ರಾಯೋಜಕತ್ವ ಪಡೆದದ್ದು ದುಡ್ಡು ಕಟ್ಟಿ ತಂಡ ಕಟ್ಟುವ ಆಟದ ಕಂಪೆನಿ, ಡ್ರೀಮ್ ಇಲೆವೆನ್. 2023ರಿಂದ 2025ರವರೆಗೆ ಭಾರತ ತಂಡದ ಅಂಗಿಯ ಮೇಲೂ ಅದರ ಹೆಸರಿತ್ತು. ದೇಶದ ದೊಡ್ಡ ದೊಡ್ಡ ಆಟಗಾರರು ಟಿವಿಯಲ್ಲಿ ಬಂದು ತಂಡ ಕಟ್ಟಿರಿ, ದುಡ್ಡು ಗೆಲ್ಲಿರಿ ಎಂದು ಕರೆದರು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಬೇಕಾಯಿತು. ಕಾಯ್ದೆ ಬಂದ ಮಾತ್ರಕ್ಕೆ ಚಟ ಹೋಗುವುದಿಲ್ಲ. ಅಂಗಡಿ ಮುಚ್ಚಿದರೆ ಹಿತ್ತಲ ಬಾಗಿಲು ತೆರೆಯುತ್ತದೆ ಎಂಬುದು ಮಟ್ಕಾ ಕಂಡವರಿಗೆಲ್ಲ ಗೊತ್ತು.

ಅಮೆರಿಕದವರ ಬೇಸ್‌ಬಾಲ್ ಚರಿತ್ರೆಯಲ್ಲೂ ಇದೇ ಪಾಠವಿದೆ. ಯಾವ ಆಟಗಾರ ಯಾವ ತಂಡಕ್ಕೆ ಮಾರಾಟವಾಗುತ್ತಾನೆ ಎಂಬ ಗಾಳಿಸುದ್ದಿಯನ್ನು ಅಲ್ಲಿನವರು ನೂರು ವರ್ಷಕ್ಕೂ ಮೇಲ್ಪಟ್ಟು ಹರಟಿದ್ದಾರೆ. ಆ ಹರಟೆಯಿಂದ ಆಟಕ್ಕೆ ಏನೂ ಆಗಲಿಲ್ಲ. ಆಟದ ಮಾನ ಹೋದದ್ದು 1919ರಲ್ಲಿ, ಷಿಕಾಗೋ ತಂಡದ ಆಟಗಾರರು ಜೂಜುಕೋರರ ದುಡ್ಡಿಗೆ ಫೈನಲ್ ಸರಣಿಯನ್ನೇ ಬಿಟ್ಟುಕೊಟ್ಟರೆಂಬ ಹಗರಣದಲ್ಲಿ. ಎಂಟು ಜನ ಆಜೀವ ನಿಷೇಧಕ್ಕೆ ಒಳಗಾದರು. ನಮ್ಮಲ್ಲೂ 2013ರ ಬಾಜಿ ಹಗರಣದ ಬಳಿಕ, 2015ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು. ಅಭಿಮಾನಿಯ ಬಾಯಿಬಡುಕತನದಿಂದ ಯಾವ ಪಂದ್ಯವೂ ಕೆಟ್ಟಿಲ್ಲ.

ಇನ್ನು ಎರಡನೆಯ ಜೂಜಿಗೆ ಬರೋಣ. ಇದು ಹೆಚ್ಚು ಅಪಾಯದ್ದು.

ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು ನೂರೈವತ್ತು ಕಿಲೋಮೀಟರ್, ನೇರ ಹೆದ್ದಾರಿ. ಬೆಂಗಳೂರಿಗೆ ಆರುನೂರಕ್ಕೂ ಹೆಚ್ಚು. ದೊಡ್ಡ ಕಾಯಿಲೆಗೆ ಆಸ್ಪತ್ರೆ, ಅಂಗಡಿಗೆ ಸಗಟು ಸಾಮಾನು, ಮದುವೆಗೆ ಜವಳಿ, ದುಡಿಮೆ, ನೆಂಟಸ್ತನ ಎಲ್ಲವೂ ಹೈದರಾಬಾದಿನ ಕಡೆಗೇ. 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹೀಗಿರುವಾಗ ಇಲ್ಲಿನ ಒಬ್ಬ ಹುಡುಗ, ಹಿಂದೂವಾಗಲಿ ಮುಸ್ಲಿಮನಾಗಲಿ, ಹೈದರಾಬಾದ್ ತಂಡಕ್ಕೆ ಜೈ ಎಂದರೆ ಅದರಲ್ಲಿ ಆಶ್ಚರ್ಯವೇನು? 2009ರ ಫೈನಲ್‌ನಲ್ಲಿ ಬೆಂಗಳೂರು 6 ರನ್ನಿನಿಂದ ಸೋತದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ. 2016ರಲ್ಲಿ 8 ರನ್ನಿನಿಂದ ಸೋತದ್ದು ಹೈದರಾಬಾದಿನ ಸನ್‌ರೈಸರ್ಸ್‌ಗೆ. ಇಂಥ ಪಂದ್ಯಗಳಿಗೆ ನಮ್ಮಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಎರಡು ಪಕ್ಷವಾಗುವುದು ಸಹಜ.

ಆದರೆ ಅದೇ ಚಪ್ಪಾಳೆಗೆ ಎರಡು ಅರ್ಥ ಹಚ್ಚುವವರಿದ್ದಾರೆ. ಪಾಟೀಲರ ಹುಡುಗ ಹೈದರಾಬಾದ್ ಗೆದ್ದಾಗ ಕುಣಿದರೆ 'ಅವನ ಸೋದರಮಾವನ ಮನೆ ಅಲ್ಲಿದೆ ಬಿಡ್ರಿ' ಎಂದು ನಗುತ್ತಾರೆ. ಪಟೇಲರ ಹುಡುಗ, ಅಂದರೆ ನಮ್ಮ ಹುಡುಗ, ಕುಣಿದರೆ 'ನಿಂದು ಯಾವ ಕಡೀ ಅಂತ ಗೊತ್ತೈತಿ' ಎನ್ನುತ್ತಾರೆ. ಮಾತು ಆಟದಿಂದ ಜಾರಿ ಎಲ್ಲಿಗೋ ಹೋಗುತ್ತದೆ. ಚಹಾದ ಬೆಂಚು ಕಟಕಟೆಯಾಗುತ್ತದೆ.

'ನೀನು ಯಾವ ಕಡೆ' ಎಂಬ ಪ್ರಶ್ನೆ ಬೀದರ್ ಜಿಲ್ಲೆಯಲ್ಲಿ ತಮಾಷೆಯ ಪ್ರಶ್ನೆಯಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳನ್ನು ಕೊಂದರು. ಅದೇ ವರ್ಷದ ಸೆಪ್ಟೆಂಬರ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಕೊಲೆಗಳಾದವು. ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಎರಡೂ ಕಡೆಯ ಮುದುಕರು ಆ ಪ್ರಶ್ನೆಯ ಬೆಲೆ ಏನೆಂದು ಬಲ್ಲವರಾಗಿದ್ದರು. ಆಮೇಲಿನ ತಲೆಮಾರುಗಳು ಅದನ್ನು ಕೇಳದೆ ಬದುಕುವುದನ್ನು ಬಹಳ ಕಷ್ಟಪಟ್ಟು ಕಲಿತವು. ಈಗ ಅದನ್ನು ಟಿವಿ ಮುಂದೆ ಮತ್ತೆ ಕೇಳುವವರಿಗೆ ತಾವು ಯಾವ ಕೆಂಡ ಕೆದಕುತ್ತಿದ್ದೇವೆ ಎಂಬ ಅರಿವಿದೆಯೇ?

ತಮಾಷೆಯೆಂದರೆ, ನಿಷ್ಠೆಯ ಪರೀಕ್ಷೆಗೆ ಇವರು ಆರಿಸಿಕೊಂಡ ಆಟದಲ್ಲೇ ನಿಷ್ಠೆ ಹರಾಜಿಗಿದೆ. ಹೈದರಾಬಾದ್ ತಂಡವನ್ನು 2012ರಲ್ಲಿ ಕೊಂಡದ್ದು ಚೆನ್ನೈನ ಸನ್ ಟಿವಿ. ಬೆಂಗಳೂರು ತಂಡ ವಿಜಯ್ ಮಲ್ಯರ ಕಂಪೆನಿಯಿಂದ ಬ್ರಿಟನ್ನಿನ ಡಿಯಾಜಿಯೋ ಹಿಡಿತಕ್ಕೆ ಹೋಯಿತು. ಹೈದರಾಬಾದಿನ ಆಟೋ ಚಾಲಕರ ಮಗ ಮುಹಮ್ಮದ್ ಸಿರಾಜ್ 2017ರಲ್ಲಿ ಹೈದರಾಬಾದ್ ತಂಡದಲ್ಲಿ ಶುರು ಮಾಡಿ, 2018ರಿಂದ ಏಳು ಹಂಗಾಮು ಬೆಂಗಳೂರಿಗೆ ಬೆವರು ಸುರಿಸಿದರು. 2024ರ ಹರಾಜಿನಲ್ಲಿ ಗುಜರಾತ್ ಅವರನ್ನು 12.25 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 2ರಂದು ಅವರು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಬೆಂಗಳೂರಿನ ಮೂರು ವಿಕೆಟ್ ಕಿತ್ತರು. ಅದು ದ್ರೋಹವೇ? ಖಂಡಿತ ಅಲ್ಲ, ಅದು ಅವರ ಕಾಯಕ. ಕೋಟಿ ಪಡೆದು ಅಂಗಿ ಬದಲಿಸಿದವರಿಗೆ ಇಲ್ಲದ ನಿಷ್ಠೆಯ ಹೊರೆಯನ್ನು, ಹತ್ತು ರೂಪಾಯಿ ಚಹಾ ಕುಡಿದು ಚಪ್ಪಾಳೆ ತಟ್ಟಿದ ಹುಡುಗನ ತಲೆಗೆ ಕಟ್ಟುವುದು ಯಾವ ನ್ಯಾಯ?

ದೊಡ್ಡವರೇ ಈ ಜೂಜಿಗೆ ಇಳಿದರೆ ಚಿಕ್ಕವರಿಗೆ ಏನು ಹೇಳುವುದು? 2008ರ ಮೊದಲ ಐಪಿಎಲ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದದ್ದು ಪಾಕಿಸ್ತಾನದ ಸೊಹೈಲ್ ತನ್ವೀರ್. ಮಿಸ್ಬಾ ಉಲ್ ಹಕ್ ಬೆಂಗಳೂರಿಗೇ ಆಡಿದ್ದರು. 2010ರ ಹರಾಜಿನಲ್ಲಿ ಪಾಕಿಸ್ತಾನದ ಒಬ್ಬ ಆಟಗಾರನನ್ನೂ ಯಾರೂ ಕೊಳ್ಳಲಿಲ್ಲ. 2025ರ ಡಿಸೆಂಬರಿನಲ್ಲಿ ಕೋಲ್ಕತ್ತ ತಂಡ ಬಾಂಗ್ಲಾದೇಶದ ಮುಸ್ತಫಿಜುರ್ ರಹಮಾನರನ್ನು 9.20 ಕೋಟಿಗೆ ಕೊಂಡಿತು. ಮರುತಿಂಗಳೇ ಕ್ರಿಕೆಟ್ ಮಂಡಳಿಯ ಸೂಚನೆಯಂತೆ ಕೈಬಿಟ್ಟಿತು. ನಮ್ಮವರೇ ಆದ ಮುಹಮ್ಮದ್ ಶಮಿ 2021ರ ಅಕ್ಟೋಬರಿನಲ್ಲಿ ಪಾಕಿಸ್ತಾನದೆದುರು ರನ್ ಕೊಟ್ಟದ್ದಕ್ಕೆ ಎಂಥ ಬೈಗುಳ ತಿಂದರೆಂಬುದು ಎಲ್ಲರಿಗೂ ಗೊತ್ತು. ಆಗ ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಪರ ನಿಂತರು. ಇದೇ ದೇಶದಲ್ಲಿ 1999ರ ಜನವರಿ 31ರಂದು, ಸಚಿನ್ 136 ಹೊಡೆದೂ ಭಾರತ 12 ರನ್ನಿನಿಂದ ಸೋತಾಗ, ಗೆದ್ದ ಪಾಕಿಸ್ತಾನಿ ಆಟಗಾರರಿಗೆ ಚೆನ್ನೈ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅವರಲ್ಲಿ ದೇಶಪ್ರೇಮ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಈ ಮಾತನ್ನು ನಮ್ಮ ಮನೆಯೊಳಗೂ ಹೇಳಬೇಕು. ಹನ್ನೊಂದು ಜನರ ಪಟ್ಟಿ ಬಂದ ಕೂಡಲೇ ಅದರಲ್ಲಿ 'ನಮ್ಮವರು' ಎಷ್ಟು ಎಂದು ಎಣಿಸುವ ಹುಡುಗರು ನಮ್ಮಲ್ಲೂ ಇದ್ದಾರೆ. ಸಿರಾಜ್ ಇದ್ದರೆ ಆ ತಂಡ, ಶಮಿ ಇದ್ದರೆ ಈ ತಂಡ. ಇದು ಅದೇ ನಿಷ್ಠೆಯ ಲೆಕ್ಕ, ತಕ್ಕಡಿಯ ಇನ್ನೊಂದು ತಟ್ಟೆಯಿಂದ. ಪರರ ಎಣಿಕೆ ನಮಗೆ ನೋವು ಕೊಡುವುದಾದರೆ ನಾವೂ ಎಣಿಸುವುದನ್ನು ಬಿಡಬೇಕು.

ಇನ್ನು ಕೆಲವು ಹಿರಿಯರು ಈ ಎಲ್ಲ ಫಜೀತಿಗೆ ಒಂದೇ ಮದ್ದು ಹೇಳುತ್ತಾರೆ: ಕ್ರಿಕೆಟ್ಟೇ ಬೇಡ, ಅದು ಹರಾಮ್, ಅದು ಹೊತ್ತು ಕಳೆಯುವ ಹುಚ್ಚು. ಪ್ರವಾದಿಯವರು(ಸ) ಹಜರತ್ ಆಯಿಷಾರೊಂದಿಗೆ ಓಟದ ಪಂದ್ಯ ಓಡಿದ್ದನ್ನೂ, ಒಮ್ಮೆ ಆಯಿಷಾ ಗೆದ್ದದ್ದನ್ನೂ, ಇನ್ನೊಮ್ಮೆ ಪ್ರವಾದಿಯವರು ಗೆದ್ದದ್ದನ್ನೂ ಅಬೂದಾವೂದ್ ಹದೀಸ್ ಸಂಗ್ರಹ ದಾಖಲಿಸಿದೆ. ಆಟದ ಗೆಲುವು ಸೋಲಿನ ಸಂತೋಷಕ್ಕೆ ದೀನ್ ಅಡ್ಡಿ ಮಾಡಿಲ್ಲ. ಅಡ್ಡಿ ಮಾಡಿರುವುದು ಮೈಸಿರ್, ಅಂದರೆ ಜೂಜಿಗೆ. ಕುರ್‌ಆನಿನ ಅಲ್ ಮಾಇದ ಅಧ್ಯಾಯ ಜೂಜನ್ನು ನಿಷೇಧಿಸುವಾಗ ಕೊಡುವ ಕಾರಣಗಳನ್ನು ಗಮನಿಸಿ. ದುಡ್ಡು ಹೋಗುತ್ತದೆ ಎಂಬುದು ಅಲ್ಲಿ ಕಾರಣವಾಗಿ ಬರುವುದಿಲ್ಲ. ಅದು ದೇವಸ್ಮರಣೆಯಿಂದ ತಪ್ಪಿಸುತ್ತದೆ ಮತ್ತು ಮನುಷ್ಯರ ನಡುವೆ ಹಗೆ ಬಿತ್ತುತ್ತದೆ ಎಂದು ಹೇಳಲಾಗಿದೆ. ಹಗೆ ಬಿತ್ತುವುದೇ ಜೂಜಿನ ಗುರುತಾದರೆ, ನೆರೆಯವನ ನಿಷ್ಠೆಯನ್ನು ಪಣಕ್ಕಿಡುವುದು ಎಂಥ ದೊಡ್ಡ ಜೂಜು! ಮಹಾಭಾರತದ ಧರ್ಮರಾಯನೂ ಸರ್ವನಾಶಕ್ಕೆ ಇಳಿದದ್ದು ತನ್ನ ಸಂಪತ್ತು ಮುಗಿದ ಮೇಲೆ ಪರರನ್ನು ಪಣವಿಡತೊಡಗಿದಾಗ.

ಆದ್ದರಿಂದ ಮಾಡಬೇಕಾದದ್ದು ಸರಳವಾಗಿದೆ. ಶುಕ್ರವಾರದ ಖುತ್ಬಾದಲ್ಲಿ ಕ್ರಿಕೆಟ್ಟನ್ನು ಬೈಯುವ ಬದಲು ಬಾಜಿಯನ್ನು ಹೆಸರು ಹಿಡಿದು ಬೈಯಲಿ. ಸಾಲದಲ್ಲಿ ಮುಳುಗಿದ ಹುಡುಗನಿಗೆ ಬುಕ್ಕಿಯ ಮನೆಗೆ ಹೋಗುವ ಮುಂಚೆ ಜಮಾಅತಿನ ಹಿರಿಯರ ಬಾಗಿಲು ತೆರೆದಿರಲಿ. ಚಹಾದಂಗಡಿಯವರು ದರ ಕೂಗುವವನನ್ನು ಬೆಂಚಿನಿಂದ ಎಬ್ಬಿಸಲಿ. 'ನಿಂದು ಯಾವ ಕಡೆ' ಎಂದು ಯಾರಾದರೂ ಕೇಳಿದರೆ ಪಕ್ಕದಲ್ಲಿ ಕುಳಿತ ಹಿಂದೂ ಗೆಳೆಯನೇ ಮೊದಲು ಬಾಯಿ ತೆರೆಯಲಿ. ಆ ಪ್ರಶ್ನೆಗೆ ಮುಸ್ಲಿಂ ಹುಡುಗ ಒಬ್ಬನೇ ಉತ್ತರಿಸಬೇಕಾದ ಪರಿಸ್ಥಿತಿಯೇ ನಮ್ಮೆಲ್ಲರ ಸೋಲು. ಬೇರೆ ಬೇರೆ ಕಸುಬಿನವರು ಕೂಡಿ ಕುಳಿತು ವಾದಿಸಿದ್ದಕ್ಕೆ ಹನ್ನೆರಡನೆಯ ಶತಮಾನದಿಂದ ಹೆಸರಾದ ಊರು ಕಲ್ಯಾಣ. ಅಲ್ಲಿನ ಹುಡುಗರಿಗೆ ಕೂಡಿ ಕುಳಿತು ಜಗಳವಾಡುವ ಹಕ್ಕನ್ನು ಬುಕ್ಕಿಯಾಗಲಿ, ನಿಷ್ಠೆಯ ಗುತ್ತಿಗೆದಾರನಾಗಲಿ ಕಸಿಯದಂತೆ ನೋಡಿಕೊಳ್ಳುವ ಹೊಣೆ ದೊಡ್ಡವರಾದ ನಮ್ಮದು.