ಎಳೆಯುವವರು ಯಾರು?

‘ಮಗ ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಲೆಕ್ಕ ಕೊಟ್ಟರೆ ಮಾತ್ರ ಪೆನ್ನು ಕಚ್ಚುತ್ತ ಕೂರುತ್ತಾನೆ. ಇವನಿಗೆ ವಿಜ್ಞಾನ ಒಗ್ಗುವುದಿಲ್ಲವೆಂದು ಬೇರೆ ವಿಷಯ ಕೊಡಿಸಲೇ ಸಾರ್?’

ವೃತ್ತೀಯ ಚಲನೆಯ ಪಾಠ ಬಂದಾಗಲೆಲ್ಲ ಪಾಲಕರು ಕೇಳುವ ಪ್ರಶ್ನೆ ಇದು. ಅವಸರ ಬೇಡ. ಹೈಸ್ಕೂಲಿನಲ್ಲಿ ಪರಿಚಯವಾಗಿ ಪಿಯುಸಿಯಲ್ಲಿ ಲೆಕ್ಕವಾಗಿ ಎದುರು ನಿಲ್ಲುವ ಈ ಪಾಠದಲ್ಲಿ ಜಾಣ ಮಕ್ಕಳೂ ಎಡವುತ್ತಾರೆ. ಲೆಕ್ಕಕ್ಕೆ ಕೈಹಾಕುವ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯನ್ನು ಅವರು ಕೇಳಿಕೊಂಡಿರುವುದಿಲ್ಲ. ಆ ಪ್ರಶ್ನೆ ಇಷ್ಟೆ: ಎಳೆಯುವವರು ಯಾರು?

ಜೋಳದ ಹೊಲ ಕಾಯುವವರು ಕವಣೆ ಬೀಸುವುದನ್ನು ನೆನಪಿಸಿಕೊಳ್ಳಿ. ಕಲ್ಲು ತಲೆಯ ಮೇಲೆ ಗಿರ್ರನೆ ಸುತ್ತುತ್ತದೆ. ಹಗ್ಗದ ಒಂದು ತುದಿ ಬಿಟ್ಟ ಕ್ಷಣವೇ ಸುತ್ತುವುದು ನಿಂತು, ಆ ಹೊತ್ತಿನಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ದಿಕ್ಕಿಗೆ, ಅಂದರೆ ವೃತ್ತದ ಸ್ಪರ್ಶಕದ ನೇರಕ್ಕೆ ಹಾರುತ್ತದೆ. ನೇರ ಹೋಗುವುದೇ ಕಲ್ಲಿನ ಸ್ವಭಾವ. ಅದನ್ನು ಕ್ಷಣಕ್ಷಣಕ್ಕೂ ಒಳಕ್ಕೆಳೆದು ಬಾಗಿಸುತ್ತಿದ್ದುದು ಹಗ್ಗ. ಕಲ್ಲಿನ ಜವ ಒಂದೇ ಆಗಿದ್ದರೂ ದಿಕ್ಕು ಬದಲಾಗುತ್ತಿದೆ. ದಿಕ್ಕು ಬದಲಾದರೆ ವೇಗ ಬದಲಾದಂತೆ, ವೇಗ ಬದಲಾದರೆ ಅಲ್ಲಿ ವೇಗೋತ್ಕರ್ಷ ಇದೆ, ವೇಗೋತ್ಕರ್ಷ ಇದ್ದಲ್ಲಿ ಬಲ ಇರಲೇಬೇಕು. ಕೇಂದ್ರದ ಕಡೆಗಿರುವ ಆ ಬಲಕ್ಕೆ ಕೇಂದ್ರಾಭಿಮುಖ ಬಲ ಎಂದು ಹೆಸರು.

ಗೊಂದಲ ಹುಟ್ಟುವುದು ಈ ಹೆಸರಿನಿಂದಲೇ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕುರ್ಚಿ ಒಂದೇ ಇರುತ್ತದೆ. ವರ್ಗಾವಣೆಯಾದಂತೆ ಕೂರುವವರು ಬದಲಾಗುತ್ತಾರೆ. ‘ಕೇಂದ್ರಾಭಿಮುಖ’ ಎಂಬುದೂ ಅಂಥದೇ ಒಂದು ಹುದ್ದೆ. ಕವಣೆಯಲ್ಲಿ ಆ ಹುದ್ದೆ ಹಗ್ಗದ ಎಳೆತದ್ದು. ತಿರುವಿನಲ್ಲಿ ಹೊರಳುವ ಬಸ್ಸಿಗೆ ರಸ್ತೆಯ ಘರ್ಷಣೆಯದ್ದು. ಚಂದ್ರನಿಗೆ ಭೂಮಿಯ ಗುರುತ್ವದ್ದು. ಜಾತ್ರೆಯಲ್ಲಿ ಮರದ ಬಾವಿಯ ಒಳಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವವನಿಗೆ ಆ ಗೋಡೆಯ ಒತ್ತಿನದ್ದು. ಚಿತ್ರದಲ್ಲಿ ಘರ್ಷಣೆಗೆ ಒಂದು ಬಾಣ ಬರೆದು, ಪಕ್ಕದಲ್ಲಿ ಕೇಂದ್ರಾಭಿಮುಖ ಬಲಕ್ಕೆ ಇನ್ನೊಂದು ಬಾಣ ಬರೆಯುವ ವಿದ್ಯಾರ್ಥಿ ಹಾಜರಿ ಪುಸ್ತಕದಲ್ಲಿ ಒಬ್ಬರನ್ನೇ ಎರಡು ಸಲ ಬರೆದಂತಾಯಿತು.

ಒಂದು ಲೆಕ್ಕ ಮಾಡಿಯೇ ನೋಡೋಣ. 1000 ಕಿಲೋಗ್ರಾಂ ದ್ರವ್ಯರಾಶಿಯ ಕಾರು, 50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಗಂಟೆಗೆ 36 ಕಿ.ಮೀ. ಜವದಲ್ಲಿ ಹೋಗುತ್ತಿದೆ. ಬೇಕಾಗುವ ಬಲವೆಷ್ಟು?

ಎಳೆಯುವವರು ಯಾರು? ಟೈರಿನ ಮೇಲೆ ರಸ್ತೆಯ ಘರ್ಷಣೆ. ಎಷ್ಟು ಎಳೆಯಬೇಕು? ಮೊದಲು ಜವವನ್ನು ಸೆಕೆಂಡಿನ ಲೆಕ್ಕಕ್ಕೆ ತನ್ನಿ. 36ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೀಟರ್. ಅದರ ವರ್ಗ 100. ತ್ರಿಜ್ಯ 50ರಿಂದ ಭಾಗಿಸಿದರೆ ವೇಗೋತ್ಕರ್ಷ 2. ದ್ರವ್ಯರಾಶಿಯಿಂದ ಗುಣಿಸಿದರೆ 2000 ನ್ಯೂಟನ್. ಮುಗಿಯಿತು.

ಈಗ ಅದೇ ಕಾರು ಗಂಟೆಗೆ 72 ಕಿ.ಮೀ. ಜವದಲ್ಲಿ ಬಂತೆನ್ನಿ. ಜವ ಎರಡರಷ್ಟು; ಅದರ ವರ್ಗ ನಾಲ್ಕರಷ್ಟು. ಬೇಕಾದ ಬಲ 8000 ನ್ಯೂಟನ್. ಮಳೆ ಬಂದು ರಸ್ತೆ ಒದ್ದೆಯಾಗಿ ಘರ್ಷಣಾ ಗುಣಾಂಕ 0.4ಕ್ಕೆ ಇಳಿದಿದೆ ಎಂದುಕೊಳ್ಳಿ. ಆಗ ರಸ್ತೆ ಕೊಡಬಲ್ಲ ಗರಿಷ್ಠ ಬಲ 0.4, 1000, 9.8 ಇವುಗಳ ಗುಣಲಬ್ಧ, ಅಂದರೆ 3920 ನ್ಯೂಟನ್. ಕಾರು ಕೇಳುತ್ತಿರುವುದು 8000, ರಸ್ತೆಯ ಕೈಯಲ್ಲಿರುವುದು 3920. ಕಾರು ತಿರುವಿನ ಹೊರಕ್ಕೆ ಜಾರುತ್ತದೆ. ಆ ರಸ್ತೆಯ ಮಿತಿ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ ಸುಮಾರು 50 ಕಿ.ಮೀ. ಈ ಮಿತಿಯನ್ನು ಲೆಕ್ಕ ಹಾಕುವಾಗ ದ್ರವ್ಯರಾಶಿ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ. ‘ಗಾಡಿ ಭಾರವಿದೆ, ಜಾರುವುದಿಲ್ಲ’ ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ. ಆಗುಂಬೆಯ, ಚಾರ್ಮಾಡಿಯ ತಿರುವುಗಳು ಇದಕ್ಕಿಂತ ಬಹಳ ಬಿಗಿ. ತ್ರಿಜ್ಯ 10 ಮೀಟರ್ ಆದರೆ ಅದೇ ಒದ್ದೆ ರಸ್ತೆಯ ಮಿತಿ ಗಂಟೆಗೆ ಸುಮಾರು 22 ಕಿ.ಮೀ.ಗೆ ಇಳಿಯುತ್ತದೆ. ನಾಳೆ ಬೈಕಿನ ಕೀಲಿ ಕೈಗೆ ಬರುವ ಮಕ್ಕಳು ಇಂದು ಈ ಲೆಕ್ಕವನ್ನು ಅರ್ಥ ಮಾಡಿಕೊಂಡರೆ, ಆ ಲಾಭವನ್ನು ಅಂಕಗಳಲ್ಲಿ ಎಣಿಸಲಾಗದು.

‘ಬಸ್ಸು ಎಡಕ್ಕೆ ತಿರುಗಿದಾಗ ನಾವು ಬಲಕ್ಕೆ ವಾಲುತ್ತೇವಲ್ಲ, ಹೊರಕ್ಕೆ ತಳ್ಳುವ ಬಲ ಇಲ್ಲವೇ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ರಸ್ತೆಬದಿಯಲ್ಲಿ ನಿಂತು ನೋಡುವವನಿಗೆ ಅಂಥ ಬಲ ಕಾಣುವುದಿಲ್ಲ. ನಮ್ಮ ದೇಹ ನೇರ ಹೋಗಬಯಸುತ್ತದೆ, ಬಸ್ಸು ಎಡಕ್ಕೆ ಸರಿಯುತ್ತದೆ, ಅಷ್ಟೆ. ಒಳಕ್ಕೊಂದು ಹೊರಕ್ಕೊಂದು ಸಮಬಲಗಳಿದ್ದು ಪರಸ್ಪರ ರದ್ದಾಗಿದ್ದರೆ ಬಸ್ಸು ತಿರುಗದೆ ನೇರ ಹೋಗಬೇಕಿತ್ತಲ್ಲವೇ? ತಿರುಗುವ ಬಸ್ಸನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕ ಮಾಡುವವರು ಕೇಂದ್ರಾಪಗಾಮಿ ಬಲವನ್ನು ಸೇರಿಸಿಕೊಳ್ಳುತ್ತಾರೆ. ಅದೂ ಸರಿಯೇ. ಆದರೆ ಒಂದೇ ಲೆಕ್ಕದಲ್ಲಿ ಅರ್ಧ ರಸ್ತೆಯಲ್ಲಿ ನಿಂತು ಅರ್ಧ ಬಸ್ಸಿನಲ್ಲಿ ಕೂರಬೇಡಿ.

ದೊಡ್ಡವರೂ ಇದೇ ಪ್ರಶ್ನೆಯಿಂದಲೇ ದೊಡ್ಡದನ್ನು ಕಂಡರು. ವೃತ್ತೀಯ ಚಲನೆಯ ನಿಯಮಗಳನ್ನು ಹೈಗನ್ಸ್ 1673ರಲ್ಲಿ ಪ್ರಕಟಿಸಿದ. ‘ಕೇಂದ್ರಾಭಿಮುಖ’ ಎಂಬ ಹೆಸರು ಕೊಟ್ಟ ನ್ಯೂಟನ್, 1687ರ ‘ಪ್ರಿನ್ಸಿಪಿಯಾ’ದಲ್ಲಿ ಚಂದ್ರನನ್ನು ಎಳೆಯುವವರು ಯಾರೆಂದು ಲೆಕ್ಕ ಹಾಕಿ ತೋರಿಸಿದ. ಚಂದ್ರ ಸುಮಾರು 3,84,000 ಕಿ.ಮೀ. ದೂರದಲ್ಲಿ 27.3 ದಿನಕ್ಕೊಮ್ಮೆ ಸುತ್ತುತ್ತಾನೆ. ನಮ್ಮ ಸೂತ್ರದಿಂದ ಅವನ ವೇಗೋತ್ಕರ್ಷ 0.0027 ಬರುತ್ತದೆ. ಇನ್ನೊಂದು ದಾರಿಯಿಂದ ಹೋಗಿ. ಭೂಮಿಯ ಕೇಂದ್ರದಿಂದ ಚಂದ್ರನಿಗಿರುವ ದೂರ ಭೂಮಿಯ ತ್ರಿಜ್ಯದ 60ರಷ್ಟು. 60ರ ವರ್ಗ 3600. 9.8ನ್ನು 3600ರಿಂದ ಭಾಗಿಸಿ. ಮತ್ತೆ 0.0027! ಮರದಿಂದ ಹಣ್ಣನ್ನು ಕೆಳಕ್ಕೆಳೆಯುವ ಗುರುತ್ವವೇ ಚಂದ್ರನನ್ನೂ ಎಳೆಯುತ್ತಿದೆ.

ಇನ್ನು ಪಾಲಕರಿಗೆ ಒಂದು ಮಾತು. ಮಕ್ಕಳಿಗೆ ನೆರವಾಗಲು ನೀವು ವಿಜ್ಞಾನ ಓದಿರಬೇಕಾಗಿಲ್ಲ. ಮಗು ಲೆಕ್ಕ ಹಿಡಿದು ಕೂತಾಗ ನಾಲ್ಕು ಪ್ರಶ್ನೆ ಕೇಳಿ. ವೃತ್ತದ ಕೇಂದ್ರ ಎಲ್ಲಿದೆ? ಆ ಕಡೆಗೆ ಎಳೆಯುವವರು ಯಾರು? ಕೊಟ್ಟಿರುವುದು ತ್ರಿಜ್ಯವೋ ವ್ಯಾಸವೋ? ಕಿ.ಮೀ.ಯನ್ನು ಮೀಟರಿಗೂ ಗಂಟೆಯನ್ನು ಸೆಕೆಂಡಿಗೂ ಬದಲಿಸಿದೆಯಾ? ಕೇಳಿ ಸುಮ್ಮನಿರಿ. ಹತ್ತು ನಿಮಿಷ ಅದು ಯೋಚಿಸಲಿ, ಚಿತ್ರ ಬರೆಯಲಿ, ಅಳಿಸಲಿ. ಉತ್ತರ ಬರೆಸಿ ಕಳಿಸುವ ಟ್ಯೂಷನ್ನಿಗಿಂತ ಆ ಹತ್ತು ನಿಮಿಷ ಹೆಚ್ಚು ಕಲಿಸುತ್ತದೆ. ಮಗುವಿಗೆ ವಿಜ್ಞಾನ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಹೀಗೆ ಒಂದು ತಿಂಗಳು ನಡೆಸಿದ ಮೇಲೆ ತೀರ್ಮಾನಿಸಿದರೆ ಸಾಕು.

ಈ ವಾರದ ಲೆಕ್ಕ: ನೀರಿರುವ ಚಿಕ್ಕ ಬಕೆಟ್ಟನ್ನು 0.9 ಮೀಟರ್ ತ್ರಿಜ್ಯದ ನಿಂತ ವೃತ್ತದಲ್ಲಿ ತಲೆಯ ಮೇಲಿಂದ ತಿರುಗಿಸುತ್ತೀರಿ. ತುತ್ತತುದಿಯಲ್ಲಿ ನೀರು ಚೆಲ್ಲದಿರಲು ಕನಿಷ್ಠ ಜವ ಎಷ್ಟಿರಬೇಕು? ಆ ಕ್ಷಣ ನೀರನ್ನು ಕೆಳಕ್ಕೆ, ಅಂದರೆ ಕೇಂದ್ರದ ಕಡೆಗೆ ಎಳೆಯುವವರು ಯಾರೆಂದು ಮೊದಲು ಬರೆಯಿರಿ. ಸೆಕೆಂಡಿಗೆ ಸುಮಾರು 3 ಮೀಟರ್ ಬಂದರೆ ನಿಮ್ಮ ದಾರಿ ಸರಿ. ಪ್ರಯೋಗ ಮಾಡಿ ನೋಡುವವರು ಅಂಗಳದಲ್ಲಿ ಮಾಡಿ, ನಡುಮನೆಯಲ್ಲಿ ಬೇಡ.