ಭೀಮಾತೀರದ ಹಳೆಯ ಪಟ್ಟಣವೂ ನಮ್ಮ ಬಾಲಿಕೆಯರೂ

ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಬಾಲಿಕೆಯರನ್ನು ಫಿರೋಜಾಬಾದಿಗೆ ಕರೆದೊಯ್ದು ದಿನವೆಲ್ಲ ನಡೆಯಿಸಿದೆವೆಂದು ಕೆಲವು ಪೋಷಕರು ಅಸಮಾಧಾನಪಟ್ಟಿರುತ್ತಾರೆ. ಬಿಸಿಲು, ಮುಳ್ಳು, ಹಾವಿನ ಭಯ. ಅದಕ್ಕಿಂತ ಮಿಗಿಲಾಗಿ, ಬೆಳೆದ ಹೆಣ್ಣುಮಕ್ಕಳು ಹೊಲಗದ್ದೆಗಳಲ್ಲಿ ಅಲೆಯುವುದು ಯುಕ್ತವೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯವಾಗಿದೆ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವೆವು. ಬಹಮನಿ ಸುಲ್ತಾನರ ಪಾಠವನ್ನು ಅನೇಕ ವರ್ಷ ಕರಿಹಲಗೆಯ ಮುಂದೆ ನಿಂತೇ ಹೇಳಿದೆವು. ಒಮ್ಮೆ ಜೇವರ್ಗಿಯ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಅದು ನಮ್ಮ ಸೋದರಮಾವನ ಹೊಲದ ಬಾಜೂಕಿನ ಕ್ವಾಟಿ ಏನ್ರಿ?" ಎಂದು ಕೇಳಿದಳು. ನಾವು ಆ ಸ್ಥಳವನ್ನು ಕಂಡಿರಲಿಲ್ಲ. "ಇರಬಹುದು" ಎಂದು ಹೇಳಿ ಹಲಗೆಯನ್ನು ಒರೆಸಿದೆವು. ಮರುವರ್ಷ ಆ ಹುಡುಗಿ ಶಾಲೆಗೆ ಮರಳಲಿಲ್ಲ. ಆಕೆಗೆ ನಾವು ಕೊಟ್ಟು ಕಳುಹಿಸಿದ್ದು ಆ "ಇರಬಹುದು" ಎಂಬುದೊಂದೇ.

ನಮ್ಮ ಬಾಲಿಕೆಯರು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಬಂದವರು. ಆಳಂದದ ಸೀಮೆಯ ಅಮರ್ಜಾ ಹಳ್ಳವು ಅಫಜಲಪುರದ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಅದೇ ನೀರು ಕೆಳಗಿಳಿದು ಫಿರೋಜಾಬಾದಿನ ಗೋಡೆಯನ್ನು ತಾಕಿ ಜೇವರ್ಗಿಯ ಕಡೆಗೆ ಸಾಗುತ್ತದೆ. ಭೂಪಟದಲ್ಲಿ ಇದನ್ನು ತೋರಿಸಿದಾಗ ಅವರು ಆಕಳಿಸಿದರು. ದಂಡೆಯ ಮೇಲೆ ನಿಂತಾಗ ಆಳಂದದ ಹುಡುಗಿಯರೇ "ಇದು ನಮ್ಮ ನೀರು" ಎಂದು ಜಗಳಕ್ಕೆ ನಿಂತರು.

ಪಟ್ಟಣವು ಹೊಳೆಯ ಎಡದಂಡೆಯಲ್ಲಿದೆ. 1397ರಿಂದ 1422ರವರೆಗೆ ಆಳಿದ ತಾಜುದ್ದೀನ್ ಫಿರೋಜ್ ಷಾನು 1400ರ ಸುಮಾರಿಗೆ ಇದನ್ನು ಕಟ್ಟಿಸಿದನು. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಭೀಮೆ. ಆತನ ತರುವಾಯ ರಾಜಧಾನಿಯು ಬೀದರಿಗೆ ಹೋಯಿತು, ಪಟ್ಟಣವು ಬರಿದಾಯಿತು. ಗೋಡೆಯ ಬುಡದಲ್ಲಿ ಹೆಜ್ಜೆ ಎಣಿಸುತ್ತ ಹೊರಟ ಬಾಲಿಕೆಯರು ಲೆಕ್ಕ ತಪ್ಪಿ ಎರಡು ಬಾರಿ ಮೊದಲಿನಿಂದ ಆರಂಭಿಸಿದರು. ಪಟ್ಟಣದ ವಿಸ್ತಾರವೆಂದರೇನೆಂದು ಪುಸ್ತಕವು ತಿಳಿಸದಿದ್ದುದನ್ನು ಅವರ ಕಾಲುಗಳು ತಿಳಿಸಿದವು. ನೆಹೆಮೀಯನು ಕೆಡವಲ್ಪಟ್ಟ ಯೆರೂಸಲೇಮಿನ ಗೋಡೆಯನ್ನು ರಾತ್ರಿಯಲ್ಲಿ ಸುತ್ತಿ ನೋಡಿದ ಸಂಗತಿಯನ್ನು ನಾವು ಅಲ್ಲಿ ಜ್ಞಾಪಿಸಿದೆವು. ಆತನು ಪಶುವಿನ ಮೇಲೆ ಕುಳಿತಿದ್ದನೆಂದು ದಣಿದವಳೊಬ್ಬಳು ತಿದ್ದಿದಳು. ಜಾಮಿ ಮಸೀದಿಯ ವಿಶಾಲವಾದ ಅಂಗಳವನ್ನೂ ಹಮಾಮುಗಳನ್ನೂ ನೋಡಿದೆವು. ನೀರು ಎಲ್ಲಿಂದ ಬಂತು, ಬೆಂಕಿ ಎಲ್ಲಿ ಉರಿಸಿದರು ಎಂಬ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ.

ಎರಡು ಶತಮಾನಗಳ ನಂತರ ಬಿಜಾಪುರದ ಆಶ್ರಯದಲ್ಲಿ ಚರಿತ್ರೆ ಬರೆದ ಫಿರಿಸ್ತಾನು ಒಂದು ಕಥೆಯನ್ನು ಹೇಳುತ್ತಾನೆ. ಮುದಗಲ್ಲಿನ ಬಳಿಯ ಅಕ್ಕಸಾಲಿಗನ ಮಗಳು ಸಂಗೀತ ಕಲಿತವಳು. ವಿಜಯನಗರದ ಅರಸನು ಹೇಳಿಕಳುಹಿಸಿದಾಗ, ಆ ಅಂತಃಪುರ ಹೊಕ್ಕವಳು ಮತ್ತೆ ತಾಯಿತಂದೆಯರ ಮುಖ ಕಾಣಳೆಂದು ಆಕೆ ಒಲ್ಲೆನೆಂದಳು. ಅದರಿಂದ ಯುದ್ಧವಾಯಿತು, 1406ರಲ್ಲಿ. ಕಡೆಗೆ ಆಕೆಯನ್ನು ಫಿರೋಜನ ಮಗ ಹಸನ್ ಖಾನನಿಗೆ ಕೊಟ್ಟರು. ಆತನಿಗೆ ಸಿಂಹಾಸನ ದೊರೆಯಲಿಲ್ಲ. ಇದೇ ಫಿರೋಜಾಬಾದಿನ ಅರಮನೆ ವಾಸಕ್ಕೆ ದೊರೆಯಿತು. ಚಿಕ್ಕಪ್ಪನ ಕಾಲ ಮುಗಿದ ಮೇಲೆ ಆತನ ಕಣ್ಣು ಕೀಳಿಸಿ ಇಲ್ಲಿಯೇ ಸೆರೆಯಿಟ್ಟರು. ಕಥೆಯಲ್ಲಿ ಎಷ್ಟು ನಿಜವೆಂದು ಪಂಡಿತರು ವಾದಿಸಲಿ. ಆ ಎರಡನೆಯ ಮದುವೆಯ ಮಾತಿಗೆ ಆಕೆ ಏನೆಂದಳೆಂಬುದನ್ನು ಫಿರಿಸ್ತಾನು ಹೇಳುವುದಿಲ್ಲ. "ಅಕಿನ್ನ ಯಾರೂ ಕೇಳೇ ಇಲ್ಲೇನ್ರಿ?" ಎಂದು ಒಬ್ಬಳು ಅರಮನೆಯ ಕುಸಿದ ಕಲ್ಲುಗಳ ಮೇಲೆ ಕುಳಿತು ಕೇಳಿದಳು. ತರಗತಿಯಲ್ಲಿ ಈ ಪ್ರಶ್ನೆಯನ್ನು ನಾವು ಎಂದೂ ಕೇಳಿರಲಿಲ್ಲ.

ಐರ್ಲೆಂಡಿನ ಲಿಮೆರಿಕ್ ಪಟ್ಟಣದಲ್ಲಿ ಶ್ಯಾನನ್ ನದಿಯ ದಡದಲ್ಲಿರುವ ಜಾನ್ ಅರಸನ ಕೋಟೆಯನ್ನು ದೂರದೂರದವರು ಬಂದು ಕಾಲ್ನಡಿಗೆಯಿಂದ ನೋಡುತ್ತಾರೆ. ನಮ್ಮವರು ಜೇವರ್ಗಿಯ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುತ್ತ ಫಿರೋಜಾಬಾದಿನ ಕಡೆಗೆ ತಲೆಯನ್ನೂ ತಿರುಗಿಸುವುದಿಲ್ಲ. ವರ್ಷಕ್ಕೊಮ್ಮೆ ಮೈಸೂರಿಗೋ ಹಂಪಿಗೋ ಹೋಗಿ, ಕಿಟಕಿಯಲ್ಲಿ ಕಂಡದ್ದನ್ನು ನೋಡಿ, ನಿದ್ದೆಗೆಟ್ಟು ಮರಳುವ ಪ್ರವಾಸಕ್ಕೆ ಯಾರ ಆಕ್ಷೇಪಣೆಯೂ ಇಲ್ಲದಿರುವುದು ನಮಗೆ ಸೋಜಿಗವೆನಿಸುತ್ತದೆ.

ಹೊಲದಲ್ಲಿ ಕಳೆ ಕೀಳಲು, ದೂರದ ಬಾವಿಯಿಂದ ನೀರು ಹೊರಲು ಇವೇ ಹೆಣ್ಣುಮಕ್ಕಳು ನಡೆಯುವಾಗ ಬಿಸಿಲಿನ ಮಾತು ಬರುವುದಿಲ್ಲ. ಹಾವಿನ ಭಯ ಮಾತ್ರ ನಿಜವಾದುದು. ಆದುದರಿಂದ ಹುಲ್ಲು ಒಣಗಿದ ಮೇಲೆಯೇ ಹೋಗುತ್ತೇವೆ, ಊರಿನವರೊಬ್ಬರು ಕೋಲು ಹಿಡಿದು ಮುಂದೆ ನಡೆಯುತ್ತಾರೆ, ಹೊಳೆಗೆ ಯಾರನ್ನೂ ಇಳಿಯಗೊಡುವುದಿಲ್ಲ.

ಬರುವ ಜನವರಿಯಲ್ಲಿ ಪುನಃ ಹೊರಡುವವರಿದ್ದೇವೆ. ಗಟ್ಟಿ ಚಪ್ಪಲಿ, ಎರಡು ರೊಟ್ಟಿ, ಕುಡಿಯುವ ನೀರು, ಇಷ್ಟನ್ನು ಕೊಟ್ಟು ಕಳುಹಿಸಬೇಕೆಂದು ಪೋಷಕರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಜೊತೆಗೆ ಬರಲಿಚ್ಛಿಸುವ ತಾಯಂದಿರಿಗೆ ಬಸ್ಸಿನಲ್ಲಿ ಸ್ಥಳವಿರುತ್ತದೆ.